ದಂಡು ಮರಳುವ ಹೊತ್ತು

ನಮ್ಮ ಮಾಸ್ತಿ ಊರಿನ ಹೆಸರು ಮಹಾಸತಿ ಎಂಬ ಮಾತು ಸವೆದು ಉಳಿದದ್ದು ಎನ್ನುತ್ತಾರೆ. ಸತಿಹೋದವಳ ನೆನಪಿನ ಮಾಸ್ತಿಕಲ್ಲನ್ನು ಒಮ್ಮೆ ಹತ್ತಿರ ನಿಂತು ನೋಡಿದವರು ಮರೆಯುವುದಿಲ್ಲ. ಒಂದು ಕಂಬ, ಕಂಬದಿಂದ ಹೊರಟ ಒಂಟಿ ತೋಳು, ಮೊಣಕೈಯಲ್ಲಿ ಬಾಗಿ ಮೇಲೆದ್ದ ಅಂಗೈ, ಮುಂಗೈ ತುಂಬ ಬಳೆ, ಬೆರಳುಗಳ ಸಂದಿಯಲ್ಲಿ ಒಂದು ನಿಂಬೆಹಣ್ಣು. ಕಲ್ಲುಕುಟಿಗ ಮುಖವನ್ನು ಕಡೆಯದೆ ಬಿಟ್ಟಿರಬಹುದು, ಬಳೆಯನ್ನು ಬಿಟ್ಟಿರುವುದಿಲ್ಲ. ಕೋಲಾರ ಸೀಮೆಯಲ್ಲಿ ವೀರಗಲ್ಲಿಗೆ ಬರವಿಲ್ಲ. ಹೊಲದ ಬದು, ಕೆರೆಯ ಏರಿ, ಊರ ಬಾಗಿಲು, ಎಲ್ಲಿ ನೋಡಿದರೂ ಒಂದು ನಿಂತಿರುತ್ತದೆ. ವೀರಗಲ್ಲು ಹೋದವನ ಕತೆಯನ್ನು ಹೇಳುತ್ತದೆ, ಮಾಸ್ತಿಕಲ್ಲು ಅವನು ಬಾರದೆ ಹೋದ ಮನೆಯ ಕತೆಯನ್ನು.

ದಂಡು ಹೊರಡುವ ಹೊತ್ತನ್ನು ಗೊತ್ತುಮಾಡಲು ಅರಮನೆಗಳಲ್ಲಿ ಜೋಯಿಸರಿದ್ದರು. ಮರಳುವ ಹೊತ್ತನ್ನು ಹೇಳುವ ಪಂಚಾಂಗ ಯಾವ ಅರಮನೆಯಲ್ಲೂ ಇರಲಿಲ್ಲ. ಹದಿನೆಂಟನೆಯ ಶತಮಾನದ ನಡುವಿನ ಹದಿನೇಳು ವರ್ಷಗಳಲ್ಲಿ ಎರಡು ದಂಡುಗಳು ಪರರ ನೆಲದಲ್ಲಿ ಇಳಿದು, ಮರಳುವ ಹೊತ್ತನ್ನು ತಪ್ಪಿಸಿಕೊಂಡವು. ಒಂದು ನಮ್ಮ ಮೈಸೂರಿನದು, ಅದು ಕಾವೇರಿಯ ಕೆಳದಂಡೆಗೆ ಹೋಯಿತು. ಇನ್ನೊಂದು ಮದ್ರಾಸಿನ ಇಂಗ್ಲಿಷ್ ಕಂಪನಿಯದು, ಅದು ಘಟ್ಟ ಹತ್ತಿ ಈ ಮುಳಬಾಗಿಲು, ಕೋಲಾರ, ಮಾಲೂರು ಸೀಮೆಗೇ ಬಂತು. ಎರಡು ಯುದ್ಧಗಳಲ್ಲೂ ಇದ್ದ ಹೆಸರುಗಳು ಮೂರು: ಅರ್ಕಾಟಿನ ಮಹಮ್ಮದ್ ಅಲಿ, ಗುತ್ತಿಯ ಮುರಾರಿರಾವ್ ಘೋರ್ಪಡೆ, ಮತ್ತು ಮಾಸ್ತಿಗೆ ಮೂಡಲಲ್ಲಿರುವ ಬೂದಿಕೋಟೆಯಲ್ಲಿ ಹುಟ್ಟಿದ ಹೈದರ್.

ಹೈದರನ ತಂದೆ ಫತೇ ಮಹಮ್ಮದ್ ಸಿರಾದ ಸುಬೇದಾರರ ಊಳಿಗದಲ್ಲಿದ್ದು ಬೂದಿಕೋಟೆಯನ್ನು ಜಹಗೀರಾಗಿ ಪಡೆದವನು. ಮಗ ಇನ್ನೂ ಹುಡುಗನಾಗಿದ್ದಾಗಲೇ ತಂದೆ ಯುದ್ಧದಲ್ಲಿ ಸತ್ತ. ಅವನ ಗೋರಿ ಕೋಲಾರದಲ್ಲಿದೆ. ಮಕ್ಕಳು ಬೆಳೆದು ಶ್ರೀರಂಗಪಟ್ಟಣದ ಊಳಿಗ ಸೇರಿದರು. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಹೈದರನ ಕೈಚಳಕ ಮೈಸೂರಿನ ಸರ್ವಾಧಿಕಾರಿಯ ಕಣ್ಣಿಗೆ ಬಿತ್ತು. ಆ ಸರ್ವಾಧಿಕಾರಿಯೇ ಕಳಲೆಯ ನಂಜರಾಜಯ್ಯ, ಕರಾಚೂರಿ ಎಂಬ ಬಿರುದಿನವನು.

ಸಿಂಹಾಸನದ ಮೇಲೆ ಆಗ ಇಮ್ಮಡಿ ಕೃಷ್ಣರಾಜ ಒಡೆಯರಿದ್ದರು, ಆದರೆ ರಾಜ್ಯದ ಚುಕ್ಕಾಣಿ ಕಳಲೆಯ ಅಣ್ಣತಮ್ಮಂದಿರ ಕೈಯಲ್ಲಿತ್ತು. ಅಣ್ಣ ದೇವರಾಜಯ್ಯ ದಳವಾಯಿ, ವಯಸ್ಸಾದವನು, ಖಜಾನೆಯ ತೂಕ ಬಲ್ಲವನು. ತಮ್ಮ ನಂಜರಾಜಯ್ಯ ಕತ್ತಿಯನ್ನೂ ಲೇಖನಿಯನ್ನೂ ಹಿಡಿದವನು. ಮಧುರೆಯ ಶಿವನ ಲೀಲೆಗಳನ್ನು ಹೇಳುವ ಹಾಲಾಸ್ಯ ಮಾಹಾತ್ಮ್ಯ ಅವನ ಹೆಸರಿನಲ್ಲಿ ಕನ್ನಡಕ್ಕೆ ಬಂದಿದೆ. ಮಧುರೆಯ ದೇವರನ್ನು ಬರೆದವನಿಗೆ ಮಧುರೆಯ ಸೀಮೆಯೂ ಬೇಕೆನಿಸಿತೋ ಏನೋ, ನಾನು ಆಣೆ ಮಾಡಿ ಹೇಳಲಾರೆ. ಆದರೆ 1751ರಲ್ಲಿ ಆ ಆಸೆಯನ್ನು ಹೊತ್ತಿಸುವ ಕಾಗದ ಶ್ರೀರಂಗಪಟ್ಟಣಕ್ಕೆ ಬಂದದ್ದು ನಿಜ.

ಕಾಗದ ಬರೆದವನು ಮಹಮ್ಮದ್ ಅಲಿ. ಅರ್ಕಾಟಿನ ನವಾಬಗಿರಿಗೆ ಅವನಿಗೂ ಚಂದಾ ಸಾಹೇಬನಿಗೂ ಹೋರಾಟ ನಡೆದಿತ್ತು. ಚಂದಾ ಸಾಹೇಬನ ಬೆನ್ನಿಗೆ ಪುದುಚೇರಿಯ ಫ್ರೆಂಚ್ ಗವರ್ನರ್ ಡ್ಯುಪ್ಲೆ, ಮಹಮ್ಮದ್ ಅಲಿಯ ಬೆನ್ನಿಗೆ ಮದ್ರಾಸಿನ ಕಂಪನಿ. ತಿರುಚಿನಾಪಳ್ಳಿಯ ಬಂಡೆಕೋಟೆಯಲ್ಲಿ ಸಿಕ್ಕಿಬಿದ್ದಿದ್ದ ಮಹಮ್ಮದ್ ಅಲಿ ಮೈಸೂರಿಗೆ ಮಾತು ಕೊಟ್ಟ: ಬಂದು ಉಳಿಸಿದರೆ ತಿರುಚಿನಾಪಳ್ಳಿಯನ್ನೂ ಅದಕ್ಕೆ ಸೇರಿದ ಕನ್ಯಾಕುಮಾರಿವರೆಗಿನ ಸೀಮೆಯನ್ನೂ ಬಿಟ್ಟುಕೊಡುತ್ತೇನೆ. ದೇವರಾಜಯ್ಯ ಬೇಡವೆಂದ. ನಂಜರಾಜಯ್ಯ ಕೇಳಲಿಲ್ಲ. ರಾಜ್ಯದ ಇಬ್ಬರು ಹಿರಿಯರಲ್ಲಿ ಒಬ್ಬನಿಗೆ ಮೊದಲ ದಿನದಿಂದ ಒಪ್ಪಿಗೆಯಿಲ್ಲದ ಯುದ್ಧ ಅದು.

1752ರ ಮೊದಲಲ್ಲಿ ದಂಡು ಇಳಿಯಿತು. ಐದು ಸಾವಿರ ಕುದುರೆ, ಹತ್ತು ಸಾವಿರ ಕಾಲಾಳು. ಇದಲ್ಲದೆ ದಿನಗೂಲಿಯ ಲೆಕ್ಕಕ್ಕೆ ತಂದ ಮುರಾರಿರಾಯನ ಮರಾಠಾ ರಾವುತರು. ಮೈಸೂರಿನ ಗಡಿಠಾಣ್ಯವಾಗಿದ್ದ ಕರೂರಿನಲ್ಲಿ ಕೂಡಿ, ಕಾವೇರಿಯ ಹರಿವಿನ ಜೊತೆಗೇ ಕೆಳಗೆ ಹೋದರು. ಆದಿರಂಗನ ಊರಾದ ಶ್ರೀರಂಗಪಟ್ಟಣದಿಂದ ಹೊರಟವರು ಅಂತ್ಯರಂಗನ ದ್ವೀಪವಾದ ಶ್ರೀರಂಗದಲ್ಲಿ ಪಾಳೆಯ ಬಿಟ್ಟರು. ಅದೇ ಹೊಳೆ, ಅದೇ ಮಲಗಿದ ದೇವರು. ಸುತ್ತ ಮಾತ್ರ ಬೇರೆ ಮಾತು, ಬೇರೆ ಮಣ್ಣು. ಶ್ರೀರಂಗದ ಏಳು ಸುತ್ತಿನ ಪ್ರಾಕಾರದ ಒಳಗೂ ಹೊರಗೂ ಮೈಸೂರಿನವರು ಮೂರು ವರ್ಷ ಕುದುರೆ ಕಟ್ಟಿದರು.

ಮೊದಲ ಕೆಲಸ ಬೇಗ ಮುಗಿಯಿತು. ಜೂನ್ ತಿಂಗಳಲ್ಲಿ ಶ್ರೀರಂಗದಲ್ಲಿದ್ದ ಫ್ರೆಂಚರು ಶರಣಾದರು, ತಂಜಾವೂರಿನವರ ಕೈಗೆ ಸಿಕ್ಕ ಚಂದಾ ಸಾಹೇಬನ ತಲೆ ಉರುಳಿತು. ನಂಜರಾಜಯ್ಯ ಕೊಟ್ಟ ಮಾತು ನಡೆಸೆಂದ. ಮಹಮ್ಮದ್ ಅಲಿ ಎರಡು ತಿಂಗಳ ವಾಯಿದೆ ಕೇಳಿ, ಅಷ್ಟರವರೆಗೆ ಶ್ರೀರಂಗ ದ್ವೀಪದ ಹುಟ್ಟುವಳಿಯನ್ನು ಬಿಟ್ಟುಕೊಟ್ಟ. ತಿರುಚಿನಾಪಳ್ಳಿಯ ಕೋಟೆಯೊಳಗೆ ಇಂಗ್ಲಿಷರ ಪಹರೆ ಕೂತಿತ್ತು. ಅವರು ತಾವು ನವಾಬನಿಗಾಗಿ ಕಾಯುತ್ತಿದ್ದೇವೆ ಎಂದು ಕೈ ತೊಳೆದರು. ಮಾತಿನ ಹಿಂದೆ ಮಾತಲ್ಲದೆ ಏನೂ ಇಲ್ಲ ಎಂಬುದು ಆ ಮಳೆಗಾಲಕ್ಕೇ ಬಯಲಾಯಿತು.

ನನ್ನ ಎಣಿಕೆಯಲ್ಲಿ ಮರಳುವ ಮೊದಲ ಹೊತ್ತು ಅದು. ಕರೆದ ಕೆಲಸ ಆಗಿತ್ತು, ದಂಡು ಇಡಿಯಾಗಿತ್ತು, ದ್ವೀಪ ಕೈಯಲ್ಲಿತ್ತು. ಅದನ್ನೇ ಮುಂದಿಟ್ಟು ಚೌಕಾಸಿ ಮಾಡಿ, ಸಿಕ್ಕಷ್ಟು ಹಣ ಕಟ್ಟಿಕೊಂಡು ಕರೂರಿಗೆ ಹತ್ತಬಹುದಿತ್ತು. ನಂಜರಾಜಯ್ಯನಿಗೆ ಅದು ಸೋಲಿನಂತೆ ಕಂಡಿರಬೇಕು. ಖರ್ಚು ಮಾಡಿದ್ದು ಕಣ್ಣೆದುರಿಗಿತ್ತು; ಬರಿಗೈಯಲ್ಲಿ ಮರಳಿದರೆ ಅಣ್ಣನ ಮುಖ ನೋಡಬೇಕಿತ್ತು. ಅವನು ಉಳಿದ. ಕೋಟೆಯನ್ನು ಒಳಸಂಚಿನಿಂದ ಹಿಡಿಯಲು ನೋಡಿದ, ಕೈಗೂಡಲಿಲ್ಲ. ವರ್ಷ ತಿರುಗುವ ಹೊತ್ತಿಗೆ ಪಕ್ಷವನ್ನೇ ಬದಲಾಯಿಸಿ, ಯಾರ ಮೇಲೆ ಯುದ್ಧಕ್ಕೆ ಬಂದಿದ್ದನೋ ಆ ಫ್ರೆಂಚರ ಜೊತೆಗೆ ಸೇರಿದ. ಆಮೇಲೆ ಆ ಯುದ್ಧ ಯಾರಿಗಾಗಿ ಎಂದು ಒಬ್ಬ ಸಾಮಾನ್ಯ ಸಿಪಾಯಿ ಕೇಳಿದ್ದರೆ ಹೇಳುವುದು ಕಷ್ಟವಿತ್ತು.

1753 ಪೂರ್ತಿ ಮುತ್ತಿಗೆಯಲ್ಲಿ ಹೋಯಿತು. ಕೋಟೆಯವರಿಗೆ ಅಕ್ಕಿ ಬರಬೇಕಾದದ್ದು ಪುದುಕ್ಕೋಟೆ ತೊಂಡೈಮಾನನ ಕಾಡುದಾರಿಯಿಂದ. ಮೈಸೂರಿನವರ ಕೆಲಸ ಆ ದಾರಿಯನ್ನು ಕಡಿಯುವುದು. ಇಂಗ್ಲಿಷರ ಮೇಜರ್ ಲಾರೆನ್ಸ್ ಮತ್ತೆ ಮತ್ತೆ ಹೇರೆತ್ತುಗಳ ಸಾಲನ್ನು ಕಾಯುತ್ತ ಒಳಗೆ ನುಗ್ಗಿಸಿದ. ಊರಾಚೆಯ ಬಂಡೆಗಳ ಬುಡದಲ್ಲಿ ಜೂನಿನಲ್ಲೊಂದು, ಸೆಪ್ಟೆಂಬರಿನಲ್ಲೊಂದು ಕಾಳಗ, ಎರಡರಲ್ಲೂ ಫ್ರೆಂಚರಿಗೆ ಸೋಲು. ನವೆಂಬರಿನ ಒಂದು ರಾತ್ರಿ ಫ್ರೆಂಚರು ಏಣಿ ಹಾಕಿ ಕೋಟೆ ಹತ್ತಿದರು, ಬತೇರಿಯ ಮೇಲೆ ನಿಂತರು, ಬೆಳಗಾಗುವಷ್ಟರಲ್ಲಿ ಸೆರೆಯಾದರು. 1754ರ ಫೆಬ್ರವರಿಯಲ್ಲಿ ಮಾತ್ರ ಮೈಸೂರು ಮರಾಠಾ ಕುದುರೆಗಳು ಇಂಗ್ಲಿಷರ ಒಂದು ದೊಡ್ಡ ರಸದಿನ ಸಾಲನ್ನು ಸುತ್ತುಗಟ್ಟಿ ಕಾವಲಿನವರನ್ನು ಪುಡಿಗೈದವು. ಆ ದಿನ ಮುಂದೆ ನುಗ್ಗಿದವರಲ್ಲಿ ಬೂದಿಕೋಟೆಯ ಹೈದರ್ ಒಬ್ಬ.

ಹೈದರನಿಗೆ ಓದು ಬರಹ ಬರುತ್ತಿರಲಿಲ್ಲ, ಲೆಕ್ಕ ಬರುತ್ತಿತ್ತು. ಬರೆದಿಡಲು ಖಂಡೇರಾವ್ ಎಂಬ ಬ್ರಾಹ್ಮಣನನ್ನು ಇಟ್ಟುಕೊಂಡಿದ್ದ. ಸೂರೆಯಲ್ಲಿ ಸಿಕ್ಕ ಎತ್ತು, ಬಟ್ಟೆ, ಪಾತ್ರೆ, ಕುದುರೆ, ಎಲ್ಲದಕ್ಕೂ ಪಟ್ಟಿ. ತಂದವನಿಗೆ ಅರ್ಧ, ಹೈದರನಿಗೆ ಅರ್ಧ. ನಂಜರಾಜಯ್ಯನ ದಂಡು ಆ ಮೂರು ವರ್ಷಗಳಲ್ಲಿ ಬಡವಾಯಿತು, ಅದೇ ಪಾಳೆಯದಲ್ಲಿದ್ದ ಹೈದರನ ತುಕಡಿ ಬೆಳೆಯಿತು. ಬೇರೆಯವರು ತಿರುಚಿನಾಪಳ್ಳಿಯಲ್ಲಿ ಕೋಟೆಯನ್ನು ನೋಡುತ್ತಿದ್ದರು. ಅವನು ದಾರಿಯನ್ನು ನೋಡುತ್ತಿದ್ದ. ದೂರದಿಂದ ಬಂದ ದಂಡು ಬದುಕುವುದು ಅನ್ನ ಬರುವ ದಾರಿಯಿಂದ ಎಂಬ ಪಾಠ ಅವನಿಗೆ ಅಲ್ಲಿ ಸಿಕ್ಕಿತು ಎಂದು ನಾನು ನಂಬುತ್ತೇನೆ, ಮುಂದೆ ಅವನು ನಡೆದುಕೊಂಡ ರೀತಿಯನ್ನು ಕಂಡು.

ಎರಡನೆಯ ಹೊತ್ತು 1754ರಲ್ಲಿ ಬಂತು. ಮುರಾರಿರಾವ್ ಹಣ ಕೈಗೆ ಬಿದ್ದ ಕೂಡಲೆ ಕುದುರೆ ತಿರುಗಿಸಿದ. ಪ್ಯಾರಿಸಿನ ಕಂಪನಿ ಡ್ಯುಪ್ಲೆಯನ್ನು ವಾಪಸು ಕರೆಸಿಕೊಂಡಿತು. ಅವನ ಜಾಗಕ್ಕೆ ಬಂದ ಗೋಡಹೂ ಅಕ್ಟೋಬರಿನಲ್ಲಿ ಇಂಗ್ಲಿಷರೊಡನೆ ಯುದ್ಧ ನಿಲ್ಲಿಸಿ, ವರ್ಷದ ಕೊನೆಗೆ ಸಂಧಿ ಬರೆದ. ನಂಜರಾಜಯ್ಯನನ್ನು ಯಾರೂ ಕೇಳಲಿಲ್ಲ. ಕೂಲಿಗೆ ಬಂದವನು ಹೋದ, ಕರೆದವನು ಮೋಸಮಾಡಿದ, ಜೊತೆಗೆ ನಿಂತವನು ಬೇರೆಯವನ ಜೊತೆ ರಾಜಿಯಾದ. ಸಂಧಿ ತನ್ನನ್ನು ಕಟ್ಟುವುದಿಲ್ಲ ಎಂದು ನಂಜರಾಜಯ್ಯ ಶ್ರೀರಂಗದಲ್ಲೇ ಕೂತ. ಒಂಟಿಯಾಗಿ ಕೂತ.

ಕೊನೆಗೆ ಅವನನ್ನು ಎಬ್ಬಿಸಿದ್ದು ತಿರುಚಿನಾಪಳ್ಳಿಯ ತೋಪಲ್ಲ. 1755ರ ವಸಂತದಲ್ಲಿ ಹೈದರಾಬಾದಿನ ಸಲಾಬತ್ ಜಂಗ್, ಬುಸ್ಸಿಯ ಫ್ರೆಂಚ್ ಪಡೆಯನ್ನು ಮುಂದಿಟ್ಟುಕೊಂಡು, ಪೇಷ್ಕಷ್ ಎಂಬ ಕಪ್ಪದ ಬಾಕಿ ವಸೂಲಿಗೆಂದು ಶ್ರೀರಂಗಪಟ್ಟಣದ ಕಡೆ ಹೊರಟಿದ್ದ. ದಂಡೆಲ್ಲ ಪರದೇಶದಲ್ಲಿ, ಮನೆಗೆ ಕಾವಲಿಲ್ಲ. ಏಪ್ರಿಲಿನಲ್ಲಿ ನಂಜರಾಜಯ್ಯ ಶ್ರೀರಂಗವನ್ನು ಫ್ರೆಂಚರಿಗೆ ಬಿಟ್ಟು ಪಾಳೆಯ ಕಿತ್ತ. ಮೂರು ವರ್ಷಕ್ಕೆ ಮೇಲೆ ಕಾದದ್ದಕ್ಕೆ ಒಂದು ಗೇಣು ನೆಲ ಸಿಕ್ಕಲಿಲ್ಲ. ಅವನು ಊರು ಮುಟ್ಟುವುದಕ್ಕೆ ಮೊದಲೇ ದೇವರಾಜಯ್ಯ 56 ಲಕ್ಷ ರೂಪಾಯಿಗೆ ಒಪ್ಪಿ ಶತ್ರುವನ್ನು ತಿರುಗಿಸಿದ್ದ. ಖಜಾನೆಯಲ್ಲಿ ಅಷ್ಟು ಎಲ್ಲಿಂದ ಬರಬೇಕು? ಗುಡಿಗಳ ಬೆಳ್ಳಿ ಬಂಗಾರ ತೂಕಕ್ಕೆ ಹೋಯಿತು, ದೇವರ ಮೈಮೇಲಿನ ಒಡವೆ ಇಳಿಯಿತು. ಅದೂ ಸಾಲದೆ ಉಳಿದ ಮೊತ್ತಕ್ಕೆ ಪಟ್ಟಣದ ಸಾಹುಕಾರರನ್ನು ಒತ್ತೆಯಿಡಬೇಕಾಯಿತು. ಹೋಗಲೇ ಬೇಡವೆಂದಿದ್ದ ಅಣ್ಣನೇ ಈ ಲೆಕ್ಕವನ್ನು ತೀರಿಸಬೇಕಾದದ್ದು ನನ್ನನ್ನು ಈಗಲೂ ನೋಯಿಸುತ್ತದೆ.

ಆ ಯುದ್ಧದ ಕೊನೆಯ ಮುತ್ತಿಗೆ ನಡೆದದ್ದು ಇನ್ನೂ ಮೂರು ವರ್ಷ ಕಳೆದ ಮೇಲೆ, 1758ರಲ್ಲಿ, ಶ್ರೀರಂಗಪಟ್ಟಣದಲ್ಲಿ. ಬಾಕಿ ಸಂಬಳಕ್ಕಾಗಿ ಸಿಪಾಯಿಗಳು ನಂಜರಾಜಯ್ಯನ ಬಾಗಿಲಲ್ಲಿ ಧರಣಿ ಕೂತರು. ಧರಣಿ ಎಂದರೆ ಇಂದಿನ ಪೆಂಡಾಲು ಭಾಷಣಗಳಲ್ಲ. ಬಾಗಿಲಿಗೆ ಅಡ್ಡಲಾಗಿ ಕೂರುವುದು. ಕೂತವನೂ ಉಣ್ಣುವುದಿಲ್ಲ, ಒಳಗಿನವನಿಗೂ ಉಣ್ಣಗೊಡುವುದಿಲ್ಲ. ನೀರಿನ ಕೊಡ ಹೊಸ್ತಿಲು ದಾಟುವಂತಿಲ್ಲ. ಅಷ್ಟು ವರ್ಷ ಇನ್ನೊಬ್ಬರ ಕೋಟೆಗೆ ಅಕ್ಕಿ ಹೋಗದಂತೆ ಕಾದವನ ಮನೆಗೆ ಅವನದೇ ಸಿಪಾಯಿಗಳು ಅಕ್ಕಿ ಹೋಗಬಿಡಲಿಲ್ಲ. ಆಗ ದಿಂಡಿಗಲ್ಲಿನ ಫೌಜುದಾರನಾಗಿದ್ದ ಹೈದರ್ ಬಂದು, ಲೆಕ್ಕಪತ್ರ ತೆಗೆಸಿ, ಕೊಡಬೇಕಾದ್ದನ್ನು ಕೊಡಿಸಿ, ಧರಣಿ ಎಬ್ಬಿಸಿದ. ಸಿಪಾಯಿಗಳು ಆ ದಿನ ಯಾರ ಮುಖ ನೋಡಿ ಎದ್ದರೋ ಅವನೇ ಮೂರು ವರ್ಷದಲ್ಲಿ ಮೈಸೂರಿನ ಯಜಮಾನನಾದ.

ಇನ್ನು ನಮ್ಮ ಸೀಮೆಯ ಕತೆ. 1767ರಲ್ಲಿ ಕಂಪನಿಗೂ ಹೈದರನಿಗೂ ಯುದ್ಧ ಹತ್ತಿತು. ಮರು ವರ್ಷ ಅವನು ಮಂಗಳೂರಿನ ಕಡೆ ಇಂಗ್ಲಿಷರನ್ನು ಓಡಿಸಲು ಹೋಗಿದ್ದಾಗ ಕಂಪನಿಯ ಕರ್ನಲ್ ಸ್ಮಿತ್ ಘಟ್ಟದ ಕೆಳಗಿನ ಬಾರಾಮಹಲನ್ನು ದಾಟಿ ಮೇಲೆ ಹತ್ತಿದ. 1768ರ ಜೂನ್ ಮುಗಿಯುವಷ್ಟರಲ್ಲಿ ವೆಂಕಟಗಿರಿಕೋಟೆ, ಮುಳಬಾಗಿಲು, ಕೋಲಾರ ಬಿದ್ದವು, ಜುಲೈಯಲ್ಲಿ ಹೊಸೂರು. ಬೆಂಗಳೂರು ಕಣ್ಣಿಗೆ ಕಾಣುವಷ್ಟು ಹತ್ತಿರ. ಮಹಮ್ಮದ್ ಅಲಿ ತನ್ನ ಪರಿವಾರ ಸಮೇತ ಕೋಲಾರಕ್ಕೆ ಬಂದು ಬೀಡುಬಿಟ್ಟ. ಮದ್ರಾಸಿನ ಕೌನ್ಸಿಲ್ ಸೇನಾಪತಿಯ ಮೇಲೆ ಕಣ್ಣಿಡಲು ಇಬ್ಬರು ಪ್ರತಿನಿಧಿಗಳನ್ನು ಅದೇ ಕೋಲಾರದಲ್ಲಿ ಕೂರಿಸಿತು. ಮುರಾರಿರಾವ್ ಈ ಸಲ ಇಂಗ್ಲಿಷರ ಕಡೆಗೆ ಕುದುರೆ ತಂದ. ಹದಿನಾರು ವರ್ಷದ ಹಿಂದೆ ಶ್ರೀರಂಗದ ಸುತ್ತ ಇದ್ದವರು ಈಗ ಫತೇ ಮಹಮ್ಮದನ ಗೋರಿಯ ಸುತ್ತ ಕೂಡಿದ್ದರು.

ಸೆಪ್ಟೆಂಬರಿನಲ್ಲಿ ಹೈದರ್ ರಾಜಿಗೆ ಹೇಳಿಕಳಿಸಿದ: ಬಾರಾಮಹಲ್ ಬಿಡುತ್ತೇನೆ, ಹತ್ತು ಲಕ್ಷ ರೂಪಾಯಿ ಕೊಡುತ್ತೇನೆ. ಕಂಪನಿಗೆ ಮರಳುವ ಹೊತ್ತು ಅದಕ್ಕಿಂತ ಚೆನ್ನಾಗಿ ಒದಗುವುದು ಸಾಧ್ಯವಿರಲಿಲ್ಲ. ಗೆದ್ದದ್ದರಲ್ಲಿ ದೊಡ್ಡ ಪಾಲು ಕೈಯಲ್ಲೇ ಉಳಿಯುತ್ತಿತ್ತು, ದಂಡು ಮರ್ಯಾದೆಯಿಂದ ಇಳಿಯುತ್ತಿತ್ತು. ಆದರೆ ಕೋಲಾರದ ಬೀಡಿನಲ್ಲಿ ಕೂತ ನವಾಬನಿಗೂ ಮದ್ರಾಸಿನ ಮೇಜಿನ ಮುಂದೆ ಕೂತ ಕೌನ್ಸಿಲಿಗೂ ಮೈಸೂರು ಆಗಲೇ ತಮ್ಮದಾಗಿತ್ತು. ಅವರು ಇನ್ನೂ ಬಹಳ ಕೇಳಿದರು. ಮಾತು ಮುರಿಯಿತು.

ತಿಂಗಳು ತುಂಬುವುದರೊಳಗೆ ಮುಳಬಾಗಿಲು ಕೈಬಿಟ್ಟಿತು. ಅದನ್ನು ಕಾಯಲು ಇಟ್ಟಿದ್ದ ನವಾಬನ ಕಿಲ್ಲೇದಾರನೇ ಹೈದರನಿಗೆ ಬಾಗಿಲು ತೆರೆದ. ಅಕ್ಟೋಬರ್ 4ರಂದು ಕಂಪನಿಯ ಕರ್ನಲ್ ವುಡ್ ಅದನ್ನು ಮತ್ತೆ ಹಿಡಿಯಲು ಬಂದು, ಬೆಟ್ಟದ ಬುಡದ ಬಂಡೆಗಳ ನಡುವೆ ಹೈದರನ ಇಡೀ ದಂಡಿನ ಬಾಯಿಗೆ ಸಿಕ್ಕಿದ. ಮುಳಬಾಗಿಲಿನ ಬಂಡೆಗಳನ್ನು ಬಲ್ಲವರಿಗೆ ಅಲ್ಲಿ ಸಾಲು ಕಟ್ಟಿ ಕಾದುವುದು ಎಷ್ಟು ದುಸ್ತರವೆಂದು ಗೊತ್ತು. ಸಾಮಾನಿನ ಕಾವಲಿಗಿದ್ದ ಕ್ಯಾಪ್ಟನ್ ಬ್ರೂಕ್ ಗಾಯಾಳುಗಳನ್ನೂ ಎರಡು ತೋಪುಗಳನ್ನೂ ಎಳೆದು ಒಂದು ಬಂಡೆಯ ನೆತ್ತಿಗೇರಿಸಿ, ತೋಪು ಹಾರಿಸುತ್ತ ಎಲ್ಲರಿಂದಲೂ 'ಸ್ಮಿತ್! ಸ್ಮಿತ್!' ಎಂದು ಕೂಗಿಸಿದ. ಸ್ಮಿತ್ ಹತ್ತಿರದಲ್ಲೆಲ್ಲೂ ಇರಲಿಲ್ಲ. ಕೂಗು ಕೇಳಿ ಮೈಸೂರಿನವರು ಒಂದು ಗಳಿಗೆ ಹಿಂಜರಿದರು, ಆ ಗಳಿಗೆಯಲ್ಲಿ ವುಡ್ ಉಳಿದುಕೊಂಡ. ಇನ್ನೂರಕ್ಕೂ ಹೆಚ್ಚು ಮಂದಿ ಇಂಗ್ಲಿಷರ ಕಡೆ ಸತ್ತರು ಇಲ್ಲವೆ ಗಾಯಗೊಂಡರು, ಮೈಸೂರಿನ ಕಡೆ ಇನ್ನೂ ಹೆಚ್ಚು.

ನವೆಂಬರಿನಲ್ಲಿ ನವಾಬನೂ ಪ್ರತಿನಿಧಿಗಳೂ ಮದ್ರಾಸಿಗೆ ಇಳಿದರು, ಸ್ಮಿತ್‌ನನ್ನೂ ಕರೆಸಿಕೊಂಡರು. ದಂಡು ಮಾತ್ರ ಇಲ್ಲೇ ಉಳಿಯಿತು, ವುಡ್‌ನ ಕೈಯಲ್ಲಿ. ಯುದ್ಧ ಬೇಕೆಂದವರು ಮೊದಲು ಮನೆಗೆ ಹೋದರು. ಆಗ ಹೈದರ್ ಹೊಸೂರನ್ನು ಮುತ್ತಿದ. ಬಿಡಿಸಲು ಹೊರಟ ವುಡ್ ಹಗುರವಾಗಿ ನಡೆಯಲೆಂದು ಸಾಮಾನು ಸರಂಜಾಮನ್ನೂ ಎರಡು ದೊಡ್ಡ ತೋಪುಗಳನ್ನೂ ಬಾಗಲೂರಿನಲ್ಲಿ ಇಳಿಸಿ ರಾತ್ರಿಯೇ ಮುಂದೆ ಹೋದ. ಹೈದರ್ ಅವನನ್ನು ಹೊಸೂರಿನತ್ತ ಹೋಗಗೊಟ್ಟು, ತಾನು ಬಳಸಿ ಬಾಗಲೂರಿನ ಮೇಲೆ ಎರಗಿದ.

ಮಾಸ್ತಿಯ ಮಗ್ಗುಲಲ್ಲೇ ಆದದ್ದನ್ನು ಒಂದು ಸಾಲಿನಲ್ಲಿ ದಾಟಿಹೋಗಲು ನನಗೆ ಮನಸ್ಸಿಲ್ಲ. ಆ ಕಾಲದ ದಂಡೆಂದರೆ ಸಿಪಾಯಿಗಳಷ್ಟೇ ಅಲ್ಲ. ಒಬ್ಬ ಸಿಪಾಯಿಯ ಹಿಂದೆ ಎತ್ತು ಹೊಡೆಯುವವರು, ಹುಲ್ಲು ಕೊಯ್ಯುವವರು, ಅಗಸರು, ಅಂಗಡಿಯವರು, ಅವರ ಹೆಂಡತಿ ಮಕ್ಕಳು, ಒಂದು ನಡೆಯುವ ಊರು. ಹೈದರನ ಕುದುರೆಗಳ ಧೂಳು ಕಂಡೊಡನೆ ಬಯಲಿನಲ್ಲಿದ್ದ ಆ ಊರೆಲ್ಲ ಕೋಟೆಯ ಒಂದೇ ಬಾಗಿಲಿಗೆ ನುಗ್ಗಿತು. ಒಳಗಿನವರು ಕದ ಮುಚ್ಚಿಬಿಟ್ಟರು. ಹಿಂದಿನಿಂದ ಎತ್ತುಗಳು, ಮುಂದೆ ಮುಚ್ಚಿದ ಕದ. ಆ ಬಾಗಿಲ ಬಳಿಯ ತುಳಿತದಲ್ಲಿ ಸುಮಾರು 2,000 ಜನ ಸತ್ತರೆಂದು ದಾಖಲಾಗಿದೆ, ಹೆಂಗಸರು ಮಕ್ಕಳು ಸೇರಿ. ತೋಪು, ಸಾಮಾನು ಎಲ್ಲ ಹೈದರನ ಕೈ ಸೇರಿ ಬೆಂಗಳೂರಿಗೆ ಹೋಯಿತು. ಸತ್ತವರ ಹೆಸರಿನಲ್ಲಿ ಯಾವ ವೀರಗಲ್ಲೂ ನಿಲ್ಲಲಿಲ್ಲ.

ವುಡ್ ಕೋಲಾರದ ಕಡೆ ತಿರುಗಿದ. ದಾರಿಯುದ್ದಕ್ಕೂ ಹೈದರನ ಕುದುರೆಗಳು ಅವನನ್ನು ಕಾಡಿದವು. ವೆಂಕಟಗಿರಿಕೋಟೆಯಿಂದ ಮೇಜರ್ ಫಿಟ್ಜ್‌ಜೆರಾಲ್ಡ್ ಓಡಿಬಂದು ಬಿಡಿಸದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ವುಡ್‌ನನ್ನು ಸೆರೆಯಲ್ಲಿಟ್ಟು ಮದ್ರಾಸಿಗೆ ಕಳಿಸಿದರು. ಹೈದರ್ ಡಿಸೆಂಬರಿನಲ್ಲಿ ಘಟ್ಟ ಇಳಿದ. ಊರಿಗೊಂದರಂತೆ ಹಂಚಿಟ್ಟಿದ್ದ ಇಂಗ್ಲಿಷರ ಸಣ್ಣ ಸಣ್ಣ ಠಾಣ್ಯಗಳು ಮಾಗಿದ ಹಣ್ಣಿನಂತೆ ಒಂದೊಂದೇ ಉದುರಿದವು. ಕೋಲಾರ, ವೆಂಕಟಗಿರಿಕೋಟೆಯಂಥ ಕೆಲವೇ ಕಡೆಗಳಲ್ಲಿ ಅವರ ಬಾವುಟ ಉಳಿಯಿತು, ಸುತ್ತಲ ಹಳ್ಳಿಯ ರಾಗಿ ಹುರುಳಿಯ ಮೇಲೆ ಬದುಕುತ್ತ.

1769ರ ಮಾರ್ಚಿನಲ್ಲಿ ಹೈದರ್ ತನ್ನ ದೊಡ್ಡ ದಂಡನ್ನೂ ತೋಪುಗಳನ್ನೂ ಮೇಲಕ್ಕೆ ಕಳಿಸಿ, ಆರು ಸಾವಿರ ಆರಿಸಿದ ಕುದುರೆಗಳನ್ನು ಇಟ್ಟುಕೊಂಡು ಮದ್ರಾಸಿನತ್ತ ತಿರುಗಿದ. 130 ಮೈಲಿ, ಮೂರೂವರೆ ದಿನ. 29ರಂದು ಸೇಂಟ್ ಥಾಮಸ್ ಬೆಟ್ಟದ ಬಳಿ ಅವನ ಕುದುರೆಗಳು ನಿಂತಿದ್ದವು. ಸಲಾಬತ್ ಜಂಗ್ ಶ್ರೀರಂಗಪಟ್ಟಣಕ್ಕೆ ಬಂದಾಗ ನಂಜರಾಜಯ್ಯನಿಗೆ ಶ್ರೀರಂಗ ಹೇಗೆ ಕಂಡಿತ್ತೋ, ಮದ್ರಾಸಿನ ಕೌನ್ಸಿಲಿಗೆ ಕೋಲಾರ ಆ ದಿನ ಹಾಗೆ ಕಂಡಿರಬೇಕು.

ಮದ್ರಾಸನ್ನು ಅವನು ಸೂರೆಮಾಡಲಿಲ್ಲ. ಕೋಟೆಗೆ ಮುತ್ತಿಗೆ ಹಾಕಲಿಲ್ಲ. ಕೈಯಲ್ಲಿ ಬರೀ ಕುದುರೆ, ಬೆನ್ನ ಹಿಂದೆ ಸ್ಮಿತ್‌ನ ದಂಡು. ಅಲ್ಲಿ ಹದಿನೈದು ದಿನ ಹೆಚ್ಚಿಗೆ ಕೂತರೆ ತಾನೇ ಪರದೇಶದಲ್ಲಿ ಸಿಕ್ಕಿಬಿದ್ದವನಾಗುತ್ತೇನೆ ಎಂಬುದು ತಿರುಚಿನಾಪಳ್ಳಿಯಲ್ಲಿ ಮೂರು ವರ್ಷ ಇದ್ದವನಿಗೆ ಬೇರೆ ಯಾರೂ ಹೇಳಬೇಕಿರಲಿಲ್ಲ. ಮಾತುಕತೆಗೆ ಮದ್ರಾಸ್ ಕೌನ್ಸಿಲಿನ ಡುಪ್ರೆಯನ್ನು ಕರೆಸಿಕೊಂಡ. ಏಪ್ರಿಲ್ ಮೊದಲ ವಾರದಲ್ಲಿ ಸಂಧಿಯಾಯಿತು: ಗೆದ್ದ ನೆಲವನ್ನು ಇಬ್ಬರೂ ಮರಳಿ ಕೊಡುವುದು, ಕರೂರು ಮೈಸೂರಿಗೆ, ಒಬ್ಬರ ಮೇಲೆ ಯಾರಾದರೂ ಎರಗಿ ಬಂದರೆ ಇನ್ನೊಬ್ಬರು ನೆರವಿಗೆ ಬರುವುದು. ನಂಜರಾಜಯ್ಯನ ದಂಡು ಯಾವ ಕರೂರಿನಿಂದ ಇಳಿದು ಹೋಗಿತ್ತೋ ಆ ಕರೂರು ಹೀಗೆ ಮರಳಿ ಮೈಸೂರಿಗೆ ಬಂತು. ಕಾಗದಕ್ಕೆ ಮೊಹರು ಬಿದ್ದ ಮೇಲೆ ಹೈದರ್ ಕುದುರೆಗಳನ್ನು ತಿರುಗಿಸಿ ಘಟ್ಟ ಹತ್ತಿದ.

ಕೋಲಾರದ ಕೋಟೆಯಲ್ಲಿದ್ದ ಕಂಪನಿಯ ದಂಡು ಆ ಸಂಧಿಯಂತೆ ಕದ ತೆರೆದು ಹೊರಬಂತು. ಜೂನಿನಿಂದ ಮುಂದಿನ ಬೇಸಿಗೆಯವರೆಗೆ, ಒಂದು ಬಿತ್ತನೆ ಒಂದು ಕೊಯ್ಲು, ಆ ಊರು ಪರದಂಡಿನ ಕೈಯಲ್ಲಿತ್ತು. ಸಿಪಾಯಿಗಳು ಮುಳಬಾಗಿಲು ದಾರಿ ಹಿಡಿದು ಮೂಡಲಿಗೆ ಇಳಿದರು. ಊರೊಳಗೆ ಫತೇ ಮಹಮ್ಮದನ ಗೋರಿ ಇದ್ದಲ್ಲೇ ಇತ್ತು, ಈಗಲೂ ಇದೆ.